ದಪ್ಪಗಿರುವ ಮಗುವನ್ನು ಮೊದಲು ಓಡಿಸಬೇಡಿ: ಹದಿಹರೆಯದವರ ವ್ಯಾಯಾಮಕ್ಕೊಂದು ಮಾರ್ಗದರ್ಶಿ

ಮೈದಾನಕ್ಕೆ ಎರಡು ಸುತ್ತು ಓಡಿ ಎಂದು ಸೀಟಿ ಊದಿದರೆ ಇಡೀ ತರಗತಿ ಹೊರಡುತ್ತದೆ. ಮೊದಲ ಸುತ್ತು ಮುಗಿಯುವಷ್ಟರಲ್ಲಿ ಒಬ್ಬ ಹುಡುಗ ಹಿಂದೆ ಬಿದ್ದಿರುತ್ತಾನೆ. ಉಳಿದವರು ಓಟ ಮುಗಿಸಿ ನೀರು ಕುಡಿಯುತ್ತ ಕುಳಿತಾಗ ಅವನಿಗಿನ್ನೂ ಅರ್ಧ ಸುತ್ತು ಬಾಕಿ. ಹತ್ತಿರದಿಂದ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ನಾಲ್ಕು ಹೆಜ್ಜೆಗೊಮ್ಮೆ ಅವನು ಬೆವರಿಗೆ ಮೈಗಂಟಿದ ಅಂಗಿಯನ್ನು ಎರಡು ಬೆರಳಿನಲ್ಲಿ ಹಿಡಿದು ಹೊಟ್ಟೆಯಿಂದ ಮುಂದಕ್ಕೆ ಎಳೆದುಕೊಳ್ಳುತ್ತಾನೆ. ಏದುಸಿರು ಬಿಡುತ್ತಿರುವಾಗಲೂ ಅವನ ಮನಸ್ಸೆಲ್ಲ ತನ್ನನ್ನು ನೋಡುತ್ತಿರುವ ನಲವತ್ತು ಜೋಡಿ ಕಣ್ಣುಗಳ ಮೇಲಿದೆ. ಮುಂದಿನ ವಾರ ಆಟದ ಅವಧಿ ಬಂದಾಗ ಅವನಿಗೆ ಹೊಟ್ಟೆನೋವು. ಅದರ ಮುಂದಿನ ವಾರ ಶೂ ಮರೆತು ಬಂದಿರುತ್ತಾನೆ.

ದೈಹಿಕ ಶಿಕ್ಷಣ ಕಲಿಸುವ ನಾನು ಇಂಥ ಮಕ್ಕಳನ್ನು ಬಹಳ ಕಾಲ ಸೋಮಾರಿಗಳೆಂದೇ ತಿಳಿದಿದ್ದೆ. ನನ್ನ ತಪ್ಪು ನನಗೆ ಅರಿವಾದದ್ದು ಒಂದು ಹಗ್ಗಜಗ್ಗಾಟದಲ್ಲಿ. ಇಂಥದೇ ಒಬ್ಬ ಹುಡುಗ ಸಾಲಿನ ಕೊನೆಯಲ್ಲಿ ನಿಂತು, ಹಿಮ್ಮಡಿಯನ್ನು ನೆಲಕ್ಕೆ ಊರಿ ಹಿಂದಕ್ಕೆ ವಾಲಿದ. ಎದುರಿನ ಎಂಟು ಜನ ಜಗ್ಗಿದರೂ ಕದಲಲಿಲ್ಲ. ಅವನ ತಂಡ ಗೆದ್ದಿತು. ಅಂದು ಅವನು ಒಮ್ಮೆಯೂ ಅಂಗಿ ಎಳೆದುಕೊಳ್ಳಲಿಲ್ಲ.

ಬಲ ಅವನಲ್ಲಿ ಮೊದಲಿಂದಲೂ ಇತ್ತು. ಅವನು ಖಂಡಿತ ಸೋಲುವ ಕಡೆಯಿಂದಲೇ ನಾವು ದಿನವೂ ಶುರುಮಾಡುತ್ತಿದ್ದೆವು. ಐವತ್ತು ಕಿಲೋ ತೂಗುವ ಹುಡುಗನ ಬೆನ್ನಿಗೆ ಮೂವತ್ತು ಕಿಲೋ ಮೂಟೆ ಕಟ್ಟಿ ಓಡಿಸಿದರೆ ಅವನ ಗತಿ ಏನಾದೀತು? ಎಂಬತ್ತು ಕಿಲೋ ತೂಗುವ ಹುಡುಗ ದಿನನಿತ್ಯ ಓಡುವುದು ಆ ಮೂಟೆಯನ್ನು ಹೊತ್ತುಕೊಂಡೇ. ಆದರೆ ಹಗಲಿರುಳು ಆ ಭಾರ ಹೊರುವ ಕಾಲುಗಳಲ್ಲಿ ಸ್ನಾಯುಬಲವೂ ಬೆಳೆದಿರುತ್ತದೆ. ಎತ್ತುವುದು, ತಳ್ಳುವುದು, ಹೊರುವುದು ಬಂದಾಗ ಈ ಮಕ್ಕಳು ಎಷ್ಟೋ ಸಲ ತೆಳ್ಳಗಿನ ಗೆಳೆಯರನ್ನು ಹಿಂದೆ ಹಾಕುತ್ತಾರೆ. ಆದ್ದರಿಂದ ಮೊದಲು ಬಲ, ಆಮೇಲೆ ನಡಿಗೆ, ಓಟ ಬೇಕೆನಿಸಿದರೆ ಕೊನೆಗೆ. ಕೆಳಗಿನ ಹೆಜ್ಜೆಗಳು ಇದೇ ಕ್ರಮದಲ್ಲಿವೆ. ಹನ್ನೆರಡರಿಂದ ಹದಿನೆಂಟರ ವಯಸ್ಸಿನ ಮಕ್ಕಳಿರುವ ತಂದೆತಾಯಿ, ಶಿಕ್ಷಕರು, ಮನೆಯ ಹಿರಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇವನ್ನು ಬರೆದಿದ್ದೇನೆ.

ಹೆಜ್ಜೆ 1: ತೂಕದ ಮಾತನ್ನು ಮನೆಯಿಂದ ಹೊರಗಿಡಿ

ವ್ಯಾಯಾಮಕ್ಕಿಂತ ಮೊದಲು ಆಗಬೇಕಾದ ಕೆಲಸ ಇದು. ನನ್ನ ಅನುಭವದಲ್ಲಿ ಅತಿ ಕಷ್ಟದ್ದೂ ಇದೇ. ತಾನು ದಪ್ಪಗಿದ್ದೇನೆ ಎಂಬುದು ಹದಿನಾಲ್ಕರ ಹುಡುಗಿಗೆ ಗೊತ್ತಿಲ್ಲದ ವಿಷಯವಲ್ಲ. ಕನ್ನಡಿ, ಬಟ್ಟೆಯಂಗಡಿಯ ಅಳತೆ, ಗೆಳತಿಯರು, ನೆಂಟರು ಎಲ್ಲರೂ ಅದನ್ನು ಅವಳಿಗೆ ನೆನಪಿಸುತ್ತಲೇ ಇರುತ್ತಾರೆ. ನೀವೂ ಸೇರಿಕೊಂಡರೆ ಅವಳಿಗೆ ಅಡಗಿ ಕೂರಲು ಮನೆಯೂ ಉಳಿಯುವುದಿಲ್ಲ. ತೂಕದ ಬಗ್ಗೆ ಹಂಗಿಸಿದರೆ ಮಕ್ಕಳು ಛಲ ತೊಡುತ್ತಾರೆ ಎಂಬ ನಂಬಿಕೆ ಅನೇಕರಲ್ಲಿದೆ. ಅಧ್ಯಯನಗಳು ಹೇಳುವುದು ಇದಕ್ಕೆ ತದ್ವಿರುದ್ಧ. ಮನೆಯಲ್ಲಿ ತೂಕಕ್ಕಾಗಿ ಹೀಯಾಳಿಕೆ ಕೇಳಿಸಿಕೊಂಡ ಮಕ್ಕಳಲ್ಲಿ ಕದ್ದು ತಿನ್ನುವುದು, ಒಮ್ಮೆಲೇ ಮಿತಿಮೀರಿ ತಿನ್ನುವುದು, ಆಟದಿಂದ ದೂರ ಸರಿಯುವುದು ಹೆಚ್ಚಾಗಿ ಕಂಡುಬಂದಿದೆ. ಹದಿಹರೆಯದಲ್ಲಿ ಕಟ್ಟುನಿಟ್ಟಿನ ಪಥ್ಯ ಮಾಡಿದವರ ತೂಕ ಕೆಲವು ವರ್ಷಗಳ ನಂತರ ಉಳಿದವರಿಗಿಂತ ಹೆಚ್ಚಾಗಿದ್ದದ್ದೂ ಕಂಡಿದೆ.

ಮಾತು ಹೇಗೆ ಆರಂಭಿಸುವುದು? ‘ನೀನು ದಪ್ಪ ಆಗಿದ್ದೀಯ, ನಾಳೆಯಿಂದ ಬೆಳಿಗ್ಗೆ ಏಳು’ ಎಂದರೆ ಬಾಗಿಲು ಅಲ್ಲಿಗೇ ಮುಚ್ಚಿತು. ‘ಮೆಟ್ಟಿಲು ಹತ್ತುವಾಗ ನನಗೆ ದಮ್ಮು ಹತ್ತುತ್ತಿದೆ, ನಾನು ಏನಾದರೂ ಶುರುಮಾಡಬೇಕು, ಜೊತೆಗೆ ಬರುತ್ತೀಯಾ?’ ಎಂದು ಕೇಳಿ ನೋಡಿ. ಆದರೆ ಅದು ನಿಜವಾಗಿರಬೇಕು, ನಾಟಕವಾದರೆ ಮಕ್ಕಳು ಕ್ಷಣದಲ್ಲಿ ಪತ್ತೆಹಚ್ಚುತ್ತಾರೆ. ಇನ್ನೊಂದು ದಾರಿ, ಏನು ಮಾಡಲು ಆಸೆಯಿದೆ ಎಂದು ಕೇಳುವುದು. ಪ್ರವಾಸದಲ್ಲಿ ಬೆಟ್ಟ ಹತ್ತಬೇಕು, ಮೂರು ಹಾಡಿಗೆ ನಿಲ್ಲದೆ ಕುಣಿಯಬೇಕು, ತಮ್ಮನನ್ನು ಹೆಗಲ ಮೇಲೆ ಹೊರಬೇಕು. ಇಂಥ ಒಂದು ಆಸೆ ಸಿಕ್ಕರೆ ಗುರಿ ಸಿಕ್ಕಿತು. ‘ಹತ್ತು ಕಿಲೋ ಇಳಿಸಬೇಕು’ ಎಂಬುದನ್ನು ಗುರಿಯಾಗಿ ಇಡಬೇಡಿ. ಅದರ ಕಾರಣ ಮುಂದೆ ಹೇಳುತ್ತೇನೆ.

ಮಗು ಮೊದಲ ದಿನವೇ ಒಪ್ಪದಿರಬಹುದು. ಒಂದು ವಾರ ಬಿಟ್ಟು ಮತ್ತೆ ಕೇಳಿ. ದಬ್ಬಿಕೊಂಡು ಹೋದ ವ್ಯಾಯಾಮ ನೀವು ದಬ್ಬುವಷ್ಟು ದಿನ ಮಾತ್ರ ನಡೆಯುತ್ತದೆ.

ಹೆಜ್ಜೆ 2: ಒಮ್ಮೆ ವೈದ್ಯರಿಗೆ ತೋರಿಸಿ

ಬೆಳೆಯುವ ಮಕ್ಕಳ ತೂಕ ಹೆಚ್ಚೋ ಅಲ್ಲವೋ ಎಂಬುದನ್ನು ದೊಡ್ಡವರ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಸೂಚ್ಯಂಕ) ಪಟ್ಟಿ ನೋಡಿ ತೀರ್ಮಾನಿಸಬಾರದು. ಐದರಿಂದ ಹತ್ತೊಂಬತ್ತು ವರ್ಷದವರೆಗೆ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಬೇರೆಯೇ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದೆ. ವೈದ್ಯರು ಅದನ್ನೋ ಅಂಥದೇ ಇನ್ನೊಂದನ್ನೋ ಬಳಸುತ್ತಾರೆ. ಎತ್ತರ ಒಮ್ಮೆಲೇ ಹೆಚ್ಚುವ ವಯಸ್ಸು ಹುಡುಗಿಯರಲ್ಲಿ ಸುಮಾರು ಹನ್ನೆರಡು, ಹುಡುಗರಲ್ಲಿ ಸುಮಾರು ಹದಿನಾಲ್ಕು. ಅದರ ಹಿಂದುಮುಂದಿನ ದಿನಗಳಲ್ಲಿ ಮೈ ತುಂಬಿಕೊಳ್ಳುವುದು ಎಷ್ಟೋ ಮಕ್ಕಳಲ್ಲಿ ಸಹಜ.

ಕೆಲವು ಲಕ್ಷಣಗಳಿದ್ದರೆ ವ್ಯಾಯಾಮ ಆರಂಭಿಸುವ ಮೊದಲೇ ವೈದ್ಯರ ಬಳಿ ಹೋಗಬೇಕು: ಆಟದ ನಡುವೆ ಎದೆನೋವು, ತಲೆ ಸುತ್ತಿ ಬೀಳುವುದು, ಉಸಿರಾಡುವಾಗ ಸುಂಯ್‌ಗುಟ್ಟುವುದು, ಜೋರು ಗೊರಕೆಯ ಜೊತೆ ಹಗಲು ತೂಕಡಿಕೆ, ಕತ್ತಿನ ಹಿಂಭಾಗ ಅಥವಾ ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾದ ಚರ್ಮ, ಹುಡುಗಿಯರಲ್ಲಿ ತಿಂಗಳುಗಟ್ಟಲೆ ಏರುಪೇರಾದ ಮುಟ್ಟು. ಕತ್ತಿನ ಕಪ್ಪನ್ನು ಕೊಳೆಯೆಂದು ತಿಕ್ಕಿ ತೊಳೆಯುವ ತಾಯಂದಿರನ್ನು ಕಂಡಿದ್ದೇನೆ. ಅದು ತಿಕ್ಕಿದರೆ ಹೋಗುವಂಥದ್ದಲ್ಲ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಸೂಚನೆ ಅದಾಗಿರಬಹುದು.

ಒಂದು ಮಾತನ್ನು ಮಾತ್ರ ಮರೆಯಬೇಡಿ. ಬೆಳೆಯುವ ವಯಸ್ಸಿನ ದಪ್ಪಗಿನ ಹುಡುಗನೋ ಹುಡುಗಿಯೋ ಕುಂಟಲು ಶುರುಮಾಡಿದರೆ, ತೊಡೆಸಂದು, ತೊಡೆ ಅಥವಾ ಮಂಡಿ ನೋಯುತ್ತದೆ ಎಂದರೆ, ‘ನಡೆದರೆ ಸರಿಹೋಗುತ್ತದೆ’ ಎನ್ನಬೇಡಿ. ತೊಡೆಮೂಳೆಯ ತಲೆಯು ಬೆಳವಣಿಗೆಯ ಪದರದ ಜಾಗದಲ್ಲಿ ಜಾರುವ ತೊಂದರೆಯೊಂದಿದೆ, ಅದು ತೂಕ ಹೆಚ್ಚಿರುವ ಹದಿಹರೆಯದವರಲ್ಲೇ ಹೆಚ್ಚು. ಕೆಡುಕು ಸೊಂಟದ ಕೀಲಿನಲ್ಲಿದ್ದರೂ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುವುದುಂಟು. ಆ ಕಾಲಿನ ಮೇಲೆ ಭಾರ ಬಿಡದಂತೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಹೆಜ್ಜೆ 3: ಬಟ್ಟೆ ಮತ್ತು ಶೂ

ಇದು ಸಣ್ಣ ವಿಷಯ ಎನಿಸಿದರೆ ಮಕ್ಕಳನ್ನೇ ಕೇಳಿ ನೋಡಿ. ಎರಡು ತೊಡೆಗಳು ಒಂದಕ್ಕೊಂದು ಉಜ್ಜಿ ಚರ್ಮ ಕೆಂಪಾಗಿ ಉರಿಯುವುದು ನಡಿಗೆ ಬಿಡಲು ಸಾಕಷ್ಟು ದೊಡ್ಡ ಕಾರಣ. ಆದರೆ ಯಾವ ಮಗುವೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ‘ಬೇಜಾರು’ ಎಂದು ಸುಮ್ಮನಾಗುತ್ತದೆ. ಮಂಡಿಯ ಹತ್ತಿರದವರೆಗೆ ಬರುವ, ಮೈಗೆ ಹಿಡಿದು ಕೂರುವ ಒಳಚಡ್ಡಿ ಹಾಕಿಸಿ. ಹೊರಡುವ ಮುನ್ನ ಒಳತೊಡೆಗೆ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿಕೊಳ್ಳಲಿ. ಹುಡುಗಿಯರಿಗೆ ಅಳತೆಗೆ ಸರಿಹೊಂದುವ ಆಟದ ಒಳಉಡುಪು ಬೇಕೇ ಬೇಕು. ಅದಿಲ್ಲದೆ ಓಡಾಡುವುದು ನೋವಿನದೂ ಹೌದು, ಮುಜುಗರದ್ದೂ ಹೌದು. ತಾಯಿಯೋ ಅಕ್ಕನೋ ಜೊತೆಗೆ ಹೋಗಿ ಕೊಡಿಸಲಿ.

ಶೂ ಅಗಲವಾಗಿರಲಿ, ಹಿಮ್ಮಡಿಯ ಕೆಳಗೆ ಮೆತ್ತೆ ಇರಲಿ. ಅಂಗಿ ಸಡಿಲವಾಗಿರಲಿ, ಗಾಢ ಬಣ್ಣದ್ದೇ ಬೇಕೆಂದರೆ ಅದನ್ನೇ ಹಾಕಿಕೊಳ್ಳಲಿ. ಬೆವರಿಸಿ ತೂಕ ಇಳಿಸುತ್ತೇವೆ ಎನ್ನುವ ಪ್ಲಾಸ್ಟಿಕ್ಕಿನ ಉಡುಪುಗಳನ್ನು ಮಾತ್ರ ದೂರವಿಡಿ. ಅವು ಇಳಿಸುವುದು ಮೈಯ ನೀರನ್ನು, ಕೊಬ್ಬನ್ನಲ್ಲ. ದಪ್ಪಗಿನ ಮೈಯಿಂದ ಶಾಖ ಹೊರಹೋಗುವುದೇ ನಿಧಾನ. ಅದರ ಮೇಲೆ ಪ್ಲಾಸ್ಟಿಕ್ ಸುತ್ತಿದರೆ ಪ್ರಾಣಕ್ಕೇ ಕುತ್ತು.

ಹೆಜ್ಜೆ 4: ಎಲ್ಲಿದ್ದೇವೆ ಎಂದು ಅಳೆಯಿರಿ, ತಕ್ಕಡಿ ಇಲ್ಲದೆ

ಮಗುವಿನದೇ ಆದ ಒಂದು ನೋಟುಪುಸ್ತಕ ಬೇಕು. ಅದು ನಿಮ್ಮ ಕೈಯಲ್ಲಿರಬಾರದು, ಅವರೇ ಬರೆಯಬೇಕು. ಮೊದಲ ದಿನ ಮೂರು ಅಂಕಿಗಳನ್ನು ಬರೆದಿಟ್ಟರೆ ಸಾಕು.

ಮೊದಲನೆಯದು ಬೆಳಿಗ್ಗೆ ಎದ್ದು ಹಾಸಿಗೆಯಲ್ಲೇ ಕುಳಿತು ಎಣಿಸಿದ ನಾಡಿಬಡಿತ, ಒಂದು ನಿಮಿಷಕ್ಕೆ ಎಷ್ಟು ಎಂದು. ಎರಡನೆಯದು, ಕುರ್ಚಿಯಲ್ಲಿ ಕುಳಿತು ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಬಾರಿ ಪೂರ್ತಿ ಎದ್ದು ಕೂರಬಲ್ಲರು ಎಂಬುದು. ಮೂರನೆಯದು ಆರು ನಿಮಿಷದ ನಡಿಗೆ. ಸಮತಟ್ಟು ಜಾಗದಲ್ಲಿ 20 ಅಥವಾ 30 ಮೀಟರ್ ದೂರಕ್ಕೆ ಎರಡು ಗುರುತು ಇಟ್ಟು, ಆರು ನಿಮಿಷದಲ್ಲಿ ಅವುಗಳ ನಡುವೆ ಎಷ್ಟು ಬಾರಿ ನಡೆದರೆಂದು ಲೆಕ್ಕ ಹಾಕಿ. ಓಡುವುದು ಬೇಡ, ಸಾಧ್ಯವಾದಷ್ಟು ಬಿರುಸಾಗಿ ನಡೆಯುವುದು. ಆಸ್ಪತ್ರೆಗಳಲ್ಲಿ ಹೃದಯ ಮತ್ತು ಶ್ವಾಸಕೋಶದ ರೋಗಿಗಳ ಸಾಮರ್ಥ್ಯ ಅಳೆಯಲು ಬಳಸುವ ವಿಧಾನವೇ ಇದು, ಆದ್ದರಿಂದ ನಂಬಬಹುದು. ಆರು ವಾರಕ್ಕೊಮ್ಮೆ ಈ ಮೂರನ್ನೂ ಮತ್ತೆ ಅಳೆದು ಪಕ್ಕದಲ್ಲಿ ಬರೆಯಲಿ.

ತಕ್ಕಡಿಯನ್ನು ಏಕೆ ದೂರವಿಡಬೇಕು? ವ್ಯಾಯಾಮವೊಂದರಿಂದಲೇ ತೂಕ ಇಳಿಯುವುದು ತೀರ ಕಡಿಮೆ. ಎಂಬತ್ತು ಕಿಲೋ ತೂಗುವವರು ಅರ್ಧ ಗಂಟೆ ಬಿರುಸಾಗಿ ನಡೆದರೂ ಖರ್ಚಾಗುವುದು 150ರಿಂದ 200 ಕ್ಯಾಲೊರಿ, ಅಷ್ಟನ್ನು ಒಂದು ಸಿಹಿ ಪಾನೀಯ ತುಂಬಿಕೊಡುತ್ತದೆ. ಆದರೆ ತೂಕ ಕದಲದಿದ್ದರೂ ರಕ್ತದೊತ್ತಡ ತಗ್ಗುತ್ತದೆ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ಯಕೃತ್ತಿನಲ್ಲಿ ತುಂಬಿದ ಕೊಬ್ಬು ಕರಗುತ್ತದೆ, ನಿದ್ದೆ ಸುಧಾರಿಸುತ್ತದೆ, ಮನಸ್ಸು ಹಗುರವಾಗುತ್ತದೆ. ಇವೆಲ್ಲ ದೃಢಪಟ್ಟ ಸಂಗತಿಗಳು. ತಕ್ಕಡಿಯಲ್ಲಿ ಇವು ಯಾವುವೂ ಕಾಣುವುದಿಲ್ಲ. ಇನ್ನೂ ಎತ್ತರ ಬೆಳೆಯುತ್ತಿರುವ ಮಗುವಿಗೆ ತೂಕ ಇದ್ದಲ್ಲೇ ನಿಂತರೂ ಅದು ದೊಡ್ಡ ಗೆಲುವು, ಏಕೆಂದರೆ ಬೆಳೆಯುವ ಎತ್ತರವೇ ಮೈಯನ್ನು ಹದಕ್ಕೆ ತರುತ್ತದೆ. ತಿಂಗಳಿಡೀ ಬೆವರು ಸುರಿಸಿ ತಕ್ಕಡಿ ಹತ್ತಿದಾಗ ಅದೇ ಅಂಕಿ ಕಂಡರೆ ಮಗು ಕುಸಿದುಹೋಗುತ್ತದೆ. ತೂಕ ನೋಡುವುದು ವೈದ್ಯರ ಕೋಣೆಯಲ್ಲಿ ನಡೆಯಲಿ, ಮೂರು ತಿಂಗಳಿಗೊಮ್ಮೆ.

ಹೆಜ್ಜೆ 5: ಬಲದ ಕಸರತ್ತು, ವಾರಕ್ಕೆ ಮೂರು ದಿನ

ಇಲ್ಲಿ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇಡೀ ಕ್ರಮ ನಿಂತಿರುವುದು ಇದರ ಮೇಲೆ.

ಒಂದು ದಿನ ಬಿಟ್ಟು ಒಂದು ದಿನ, ವಾರಕ್ಕೆ ಮೂರು ಬಾರಿ, ಇಪ್ಪತ್ತು ನಿಮಿಷ. ಮೊದಲ ನಾಲ್ಕು ವಾರ ಎಲ್ಲವನ್ನೂ ನಿಂತು ಅಥವಾ ಕುರ್ಚಿಯ ಸಹಾಯದಿಂದಲೇ ಮಾಡಿಸಿ. ಚಾಪೆಯ ಮೇಲೆ ಮಲಗಿ ಮಾಡುವ ಕಸರತ್ತಿಗಿಂತ, ಮಾಡಿ ಮುಗಿಸಿ ಎಲ್ಲರೆದುರು ನೆಲದಿಂದ ಏಳುವುದೇ ಕೆಲವು ಮಕ್ಕಳಿಗೆ ಕಷ್ಟ. ಬಲ ಬಂದ ಮೇಲೆ ನೆಲಕ್ಕಿಳಿಯಬಹುದು.

ಕುರ್ಚಿಯಿಂದ ಏಳುವುದು ಮೊದಲನೆಯದು. ಕುರ್ಚಿಯ ಬೆನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿ. ಪಾದಗಳು ಭುಜದಷ್ಟು ಅಗಲ, ಬೆರಳುಗಳು ತುಸು ಹೊರಮುಖ. ಎದೆ ಮುಂದಕ್ಕೆ ಬಾಗಿಸಿ, ಹಿಮ್ಮಡಿಯಿಂದ ನೆಲವನ್ನು ತಳ್ಳಿದಂತೆ ಏಳಬೇಕು. ಏಳುವಾಗ ಉಸಿರು ಹೊರಕ್ಕೆ. ಕೂರುವಾಗ ಧೊಪ್ಪನೆ ಬೀಳದೆ ಒಂದು, ಎರಡು, ಮೂರು ಎಂದು ಎಣಿಸುತ್ತ ಇಳಿಯಬೇಕು. ಆ ನಿಧಾನದ ಇಳಿತದಲ್ಲೇ ತೊಡೆ ಗಟ್ಟಿಯಾಗುವುದು. ಮಂಡಿಗಳು ಒಳಕ್ಕೆ ಮಡಚಿಕೊಂಡು ಒಂದಕ್ಕೊಂದು ತಾಗುವಂತಾದರೆ ಅಷ್ಟಕ್ಕೆ ನಿಲ್ಲಿಸಿ, ದಿಂಬಿಟ್ಟು ಕುರ್ಚಿಯ ಎತ್ತರ ಹೆಚ್ಚಿಸಿ. ಎಂಟು ಬಾರಿ, ಒಂದು ನಿಮಿಷ ವಿಶ್ರಾಂತಿ, ಮತ್ತೆ ಎಂಟು ಬಾರಿ.

ಎರಡನೆಯದು ಗೋಡೆ ದಂಡ. ನೆಲದ ಮೇಲೆ ದಂಡ ಹೊಡೆಯುವಾಗ ತೋಳುಗಳು ದೇಹತೂಕದ ಮೂರನೆಯ ಎರಡು ಭಾಗದಷ್ಟನ್ನು ಎತ್ತಬೇಕಾಗುತ್ತದೆ. ಎಂಬತ್ತು ಕಿಲೋದ ಮಗುವಿಗೆ ಅದು ಐವತ್ತು ಕಿಲೋ ದಾಟುತ್ತದೆ. ಮೊದಲ ದಿನವೇ ಅದನ್ನು ಕೇಳುವುದು ಅನ್ಯಾಯ. ಗೋಡೆಯಿಂದ ಒಂದು ತೋಳಿನಳತೆ ದೂರ ನಿಂತು, ಅಂಗೈಗಳನ್ನು ಎದೆಯ ಎತ್ತರಕ್ಕೆ ಗೋಡೆಗೂರಿ, ಮೈಯನ್ನು ಹಲಗೆಯಂತೆ ನೆಟ್ಟಗಿಟ್ಟು ಬಾಗಿ ಮರಳಲಿ. ಹನ್ನೆರಡು ಸಲೀಸಾದಾಗ ಗಟ್ಟಿಯಾದ ಮೇಜಿನ ಅಂಚಿಗೆ ಬರಲಿ, ಆಮೇಲೆ ಮಂಚದ ಅಂಚು, ಅದೂ ಸಲೀಸಾದರೆ ನೆಲ. ಗೋಡೆಯಿಂದ ನೆಲಕ್ಕೆ ಬರಲು ಆರು ತಿಂಗಳು ಹಿಡಿದರೂ ಚಿಂತೆಯಿಲ್ಲ.

ಮೂರನೆಯದು ಎಳೆಯುವುದು. ಒಂದು ಕೈಯನ್ನು ಕುರ್ಚಿಯ ಮೇಲೆ ಊರಿ ಬಾಗಿ ನಿಂತು, ಇನ್ನೊಂದು ಕೈಯಲ್ಲಿ ಪುಸ್ತಕ ತುಂಬಿದ ಚೀಲವನ್ನು ಸೊಂಟದವರೆಗೆ ಎತ್ತಿ ಇಳಿಸುವುದು. ಹೆಗಲು ಬಾಗಿಸಿ ಎದೆ ಮರೆಸಿಕೊಂಡು ನಡೆಯುವ ಅಭ್ಯಾಸ ಈ ಮಕ್ಕಳಲ್ಲಿ ಸಾಮಾನ್ಯ. ಬೆನ್ನಿನ ಮೇಲ್ಭಾಗ ಬಲಗೊಂಡರೆ ನೆಟ್ಟಗೆ ನಿಲ್ಲುವುದು ಸುಲಭವಾಗುತ್ತದೆ.

ಕೊನೆಯದು ನನಗೆ ತುಂಬ ಇಷ್ಟದ್ದು, ಹೊತ್ತು ನಡೆಯುವುದು. ಎರಡೂ ಕೈಯಲ್ಲಿ ಸಮ ತೂಕದ ಚೀಲ ಹಿಡಿದು, ಭುಜ ಇಳಿಬಿಟ್ಟು, ತಲೆ ಎತ್ತಿ ಇಪ್ಪತ್ತು ಹೆಜ್ಜೆ ಹೋಗಿ ಇಪ್ಪತ್ತು ಹೆಜ್ಜೆ ಬರುವುದು. ಮೊದಲ ದಿನ ಕೈಗೆ ಮೂರು ಕಿಲೋ. ಇದರಲ್ಲಿ ದಪ್ಪಗಿನ ಮಕ್ಕಳು ಬೇಗ ಮುಂದೆ ಬರುತ್ತಾರೆ. ಅಪ್ಪನಿಗಿಂತ ಮಗಳು ಹೆಚ್ಚು ತೂಕ ಹೊತ್ತು ನಡೆದ ದಿನ ಆ ಮನೆಯಲ್ಲಿ ಅಂದಿನವರೆಗೆ ಆಡದ ಮಾತೊಂದು ಕೇಳಿಬರುತ್ತದೆ: ‘ಎಷ್ಟು ಬಲ ಇದೆಯಲ್ಲ ನಿನಗೆ!’ ಆ ಮಾತಿಗಾಗಿಯೇ ಬಲದ ಕಸರತ್ತನ್ನು ಮೊದಲಿಟ್ಟಿದ್ದೇನೆ.

ಪ್ರತಿಯೊಂದೂ ಎಂಟರಿಂದ ಹನ್ನೆರಡು ಬಾರಿ, ಎರಡು ಸುತ್ತು. ಕೊನೆಯ ಎರಡು ಬಾರಿ ಕಷ್ಟವಾಗಬೇಕು, ಆದರೆ ಭಂಗಿ ಕೆಡಬಾರದು. ಹನ್ನೆರಡರ ಎರಡು ಸುತ್ತು ಸಲೀಸಾದಾಗ ತುಸು ಭಾರ ಹೆಚ್ಚಿಸಿ. ಒಂದೇ ಸಲಕ್ಕೆ ಎಷ್ಟು ಎತ್ತಬಲ್ಲೆ ಎಂಬ ಪೈಪೋಟಿಗೆ ಬಿಡಬೇಡಿ. ಮೊದಲ ವಾರಗಳಲ್ಲಿ ಬಲ ಬೇಗ ಏರುವುದನ್ನು ಕಂಡು ಆಶ್ಚರ್ಯವಾದೀತು. ಸ್ನಾಯು ದಪ್ಪವಾಗುವ ಮೊದಲೇ ನರಗಳು ಅದನ್ನು ಚೆನ್ನಾಗಿ ದುಡಿಸಲು ಕಲಿತುಬಿಡುತ್ತವೆ. ಭಾರ ಎತ್ತಿದರೆ ಎತ್ತರ ನಿಲ್ಲುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಹಿರಿಯರ ಕಣ್ಣಳತೆಯಲ್ಲಿ, ಸರಿಯಾದ ಭಂಗಿಯಲ್ಲಿ ಮಾಡಿದ ಬಲದ ಕಸರತ್ತು ಬೆಳವಣಿಗೆಗೆ ಅಡ್ಡಿಮಾಡುವುದಿಲ್ಲ. ಜಿಗಿತದ ಕಸರತ್ತುಗಳು, ಹಗ್ಗ ಜಿಗಿಯುವ ಆಟ ಸದ್ಯಕ್ಕೆ ಬೇಡ. ಮಂಡಿ ಮತ್ತು ಅದರ ಕೆಳಗಿನ ಕಾಲು ಅದಕ್ಕೆ ತಯಾರಾಗಲಿ.

ಹೆಜ್ಜೆ 6: ಉಸಿರು ಏರಿಸುವ ಕಸರತ್ತು

ಮೊದಲ ವಾರ ದಿನಕ್ಕೆ ಹತ್ತು ನಿಮಿಷದ ನಡಿಗೆ ಸಾಕು. ವಾರಕ್ಕೆ ಐದು ನಿಮಿಷದಂತೆ ಏರಿಸುತ್ತ ಹೋದರೆ ಐದನೆಯ ವಾರಕ್ಕೆ ಅರ್ಧ ಗಂಟೆಯಾಗುತ್ತದೆ. ವೇಗ ಎಷ್ಟಿರಬೇಕೆಂದು ತಿಳಿಯಲು ಗಡಿಯಾರ ಬೇಡ, ಬಾಯಿ ಸಾಕು. ನಡೆಯುತ್ತ ಮಾತಾಡಬಹುದು ಆದರೆ ಹಾಡಲಾಗದು ಎಂಬಂತಿದ್ದರೆ ಅದು ಮಧ್ಯಮ ಬಿರುಸು. ನಾಲ್ಕು ಪದಕ್ಕೊಮ್ಮೆ ಉಸಿರೆಳೆಯಬೇಕಾದರೆ ಅದು ತೀವ್ರ. ಮೊದಲ ಐದು ವಾರ ಮಧ್ಯಮ ದಾಟುವುದು ಬೇಡ. ಇಬ್ಬರೂ ಜೊತೆಯಲ್ಲಿ ಒಂದೇ ವೇಗದಲ್ಲಿ ನಡೆದರೂ ನಿಮಗೆ ಆರಾಮ ಎನಿಸಿದ್ದು ಮಗುವಿಗೆ ತೀವ್ರವಾಗಿರಬಹುದು, ಆ ಮೂಟೆಯ ಲೆಕ್ಕ ಮರೆಯಬೇಡಿ. ವೇಗ ನಿರ್ಧರಿಸುವುದು ಮಗುವೇ. ನೀವು ಎರಡು ಹೆಜ್ಜೆ ಮುಂದೆ ನಡೆದು ಹಿಂದಿರುಗಿ ನೋಡುವುದನ್ನು ದಯವಿಟ್ಟು ಮಾಡಬೇಡಿ.

ಆರನೆಯ ವಾರದಿಂದ ಬಿರುಸು ಸೇರಿಸಬಹುದು. ಐದು ನಿಮಿಷ ನಿಧಾನ ನಡಿಗೆ, ನಂತರ ಒಂದು ನಿಮಿಷ ವೇಗ, ಎರಡು ನಿಮಿಷ ನಿಧಾನ, ಹೀಗೆ ಆರು ಬಾರಿ, ಕೊನೆಗೆ ಮತ್ತೆ ಐದು ನಿಮಿಷ ನಿಧಾನ. ಹತ್ತನೆಯ ವಾರದ ನಂತರ ಮಗು ತಾನಾಗಿಯೇ ಓಡಬೇಕೆಂದರೆ ಆ ಒಂದು ನಿಮಿಷದ ಜಾಗದಲ್ಲಿ ಮೂವತ್ತು ಸೆಕೆಂಡ್ ಮೆಲ್ಲನೆ ಓಡಲಿ. ಮಂಡಿಯ ಕೆಳಗೆ ಕಾಲಿನ ಮುಂಭಾಗದ ಮೂಳೆಯ ಗುಂಟ ನೋವು ಬಂದರೆ ಎರಡು ವಾರದ ಮಟ್ಟಿಗೆ ಹಿಂದಿನ ಹಂತಕ್ಕೆ ಮರಳಿ. ಓಡಬೇಕೆನಿಸದಿದ್ದರೆ ಓಟವೇ ಬೇಡ. ಓಡದೆಯೂ ಹೃದಯ ಗಟ್ಟಿಯಾಗುತ್ತದೆ.

ನಡೆದರೆ ಮಂಡಿ ನೋಯುವವರಿಗೆ ನೀರು ವರದಾನ. ಸೊಂಟದವರೆಗಿನ ನೀರಿನಲ್ಲಿ ನಿಂತರೆ ಕಾಲುಗಳ ಮೇಲೆ ಬೀಳುವುದು ದೇಹತೂಕದ ಅರ್ಧದಷ್ಟು, ಎದೆಯವರೆಗೆ ಇಳಿದರೆ ಮೂರನೆಯ ಒಂದು ಭಾಗದಷ್ಟು. ಈಜು ಬರದವರೂ ಎದೆಮಟ್ಟದ ನೀರಿನಲ್ಲಿ ನಡೆದಾಡಬಹುದು, ಬಲ್ಲವರೊಬ್ಬರು ಜೊತೆಗಿರಬೇಕು ಅಷ್ಟೆ. ಈಜುಡುಗೆಯ ಮುಜುಗರ ಹೆಚ್ಚಿನ ಮಕ್ಕಳಿಗಿದೆ. ಟೀಶರ್ಟು, ಉದ್ದ ಚಡ್ಡಿ ಹಾಕಲು ಬಿಡುವ ಕೊಳ, ಜನ ಕಡಿಮೆಯಿರುವ ಹೊತ್ತು ಹುಡುಕಿ. ಸೈಕಲ್ ಕೂಡ ಒಳ್ಳೆಯದು. ಪೆಡಲ್ ಕೆಳಗಿದ್ದಾಗ ಮಂಡಿ ತುಸುವೇ ಬಾಗಿರುವಷ್ಟು ಸೀಟು ಎತ್ತರಕ್ಕಿರಬೇಕು, ತಗ್ಗಿದ್ದರೆ ಮಂಡಿಗೆ ಪೆಟ್ಟು. ಇವು ಯಾವುವೂ ಬೇಡ, ಕೋಣೆಯ ಬಾಗಿಲು ಹಾಕಿಕೊಂಡು ಹಾಡು ಹಾಕಿ ಕುಣಿಯುತ್ತೇನೆ ಎಂದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಐದರಿಂದ ಹದಿನೇಳು ವಯಸ್ಸಿನವರು ಸರಾಸರಿ ದಿನಕ್ಕೆ 60 ನಿಮಿಷ ಮಧ್ಯಮದಿಂದ ತೀವ್ರ ಬಿರುಸಿನ ಚಟುವಟಿಕೆ ಮಾಡಬೇಕು, ವಾರಕ್ಕೆ ಕನಿಷ್ಠ ಮೂರು ದಿನ ಸ್ನಾಯು ಮತ್ತು ಮೂಳೆ ಬಲಪಡಿಸುವ ಚಟುವಟಿಕೆಯೂ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಇದನ್ನು ಓದಿ ಗಾಬರಿಯಾಗಬೇಡಿ. 2016ರ ಅಂಕಿಗಳ ಪ್ರಕಾರ ಜಗತ್ತಿನ ಹನ್ನೊಂದರಿಂದ ಹದಿನೇಳು ವಯಸ್ಸಿನ ಮಕ್ಕಳಲ್ಲಿ ಶೇ 81ರಷ್ಟು ಮಂದಿ ಈ ಮಟ್ಟ ಮುಟ್ಟುತ್ತಿರಲಿಲ್ಲ. ಅವರಲ್ಲಿ ತೆಳ್ಳಗಿನವರೂ ಇದ್ದರು. ಅರವತ್ತು ನಿಮಿಷವನ್ನು ಒಟ್ಟಿಗೇ ಮುಗಿಸಬೇಕೆಂದಿಲ್ಲ. ಶಾಲೆಗೆ ಹೋಗಿ ಬರುವ ನಡಿಗೆ, ಮೆಟ್ಟಿಲು, ಸಂಜೆಯ ಆಟ ಎಲ್ಲ ಕೂಡುತ್ತವೆ. ಅಲ್ಲಿಗೆ ಮುಟ್ಟಲು ಮೂರರಿಂದ ಆರು ತಿಂಗಳು ತೆಗೆದುಕೊಳ್ಳಿ.

ಹೆಜ್ಜೆ 7: ಜೊತೆಗಾರರು

ಮಗುವಿಗೆ ಆಯ್ಕೆಯಿರಬೇಕು, ‘ನನಗೆ ಬರುತ್ತದೆ’ ಎನಿಸಬೇಕು, ತನ್ನವರೊಬ್ಬರು ಜೊತೆಗಿರಬೇಕು. ಈ ಮೂರು ಇದ್ದ ಕಡೆ ವ್ಯಾಯಾಮ ಉಳಿಯುತ್ತದೆ. ಇಂದು ನಡಿಗೆಯೋ ಸೈಕಲ್ಲೋ ಎಂಬಷ್ಟು ಸಣ್ಣ ಆಯ್ಕೆಯಾದರೂ ದಿನವೂ ಅವರ ಕೈಯಲ್ಲಿರಲಿ. ಮನೆಯಲ್ಲಿ ಒಬ್ಬರಿಗಷ್ಟೇ ನಿಯಮ ಬೇಡ. ತೆಳ್ಳಗಿರುವ ತಮ್ಮ ಮೊಬೈಲ್ ಹಿಡಿದು ಕುಳಿತಿರುವಾಗ ಅಕ್ಕನನ್ನು ಮಾತ್ರ ಎಬ್ಬಿಸಿದರೆ ಅವಳಿಗೆ ಅದು ಶಿಕ್ಷೆಯಂತೆಯೇ ಕಾಣುತ್ತದೆ.

ಶಿಕ್ಷಕರಿಗೆ ನನ್ನದು ಎರಡು ಕೋರಿಕೆ. ಬಸ್ಕಿ ಹೊಡೆಸುವುದನ್ನು, ಮೈದಾನ ಸುತ್ತಿಸುವುದನ್ನು ಶಿಕ್ಷೆಯಾಗಿ ಬಳಸಬೇಡಿ. ಬಸ್ಕಿಯಂಥ ಒಳ್ಳೆಯ ಕಸರತ್ತನ್ನು ಅವಮಾನಕ್ಕೆ ಗಂಟುಹಾಕಿದ ಪಾಪ ನಮ್ಮ ಮೇಲಿದೆ. ಮಕ್ಕಳೇ ತಂಡ ಆರಿಸಿಕೊಳ್ಳಲು ಬಿಟ್ಟು ಒಬ್ಬ ಹುಡುಗನನ್ನು ಕೊನೆಯವರೆಗೆ ನಿಲ್ಲಿಸುವುದನ್ನೂ ಬಿಡಿ. ಸಂಖ್ಯೆ ಕರೆದು ತಂಡ ಮಾಡಲು ಒಂದು ನಿಮಿಷ ಸಾಕು. ಗುಂಡು ಎಸೆತ, ಹಗ್ಗಜಗ್ಗಾಟ, ಕುಸ್ತಿ, ಜೂಡೊ, ದೋಣಿ ಹುಟ್ಟುಹಾಕುವುದು, ಇಂಥವುಗಳಲ್ಲಿ ಮೈಭಾರವೇ ಆಸ್ತಿ. ಇವುಗಳಲ್ಲಿ ಒಂದಕ್ಕಾದರೂ ಜಾಗ ಮಾಡಿಕೊಡಿ.

ಹೆಜ್ಜೆ 8: ನಿದ್ದೆ, ನೀರು, ಊಟ

ಹದಿಮೂರರಿಂದ ಹದಿನೆಂಟರವರೆಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆ ಕೆಟ್ಟ ಮಗುವಿಗೆ ಹಸಿವು ಹೆಚ್ಚು, ಉತ್ಸಾಹ ಕಡಿಮೆ. ಬೆಳಗಿನ ನಡಿಗೆಗಾಗಿ ನಿದ್ದೆ ಕತ್ತರಿಸುವ ಬದಲು ನಡಿಗೆಯನ್ನು ಸಂಜೆಗೆ ಹಾಕಿ. ಬಾಯಾರಿಕೆಗೆ ನೀರು ಕೊಡಿ, ಎನರ್ಜಿ ಡ್ರಿಂಕ್ ಎಂದು ಮಾರುವ ಡಬ್ಬಿಗಳು ಮಕ್ಕಳಿಗಲ್ಲ. ಊಟ ಬಿಡಿಸಿ ವ್ಯಾಯಾಮ ಮಾಡಿಸಬೇಡಿ. ಮನೆಯವರೆಲ್ಲ ತಿನ್ನುವುದನ್ನೇ ಎಲ್ಲರೊಂದಿಗೆ ಕುಳಿತು ತಿನ್ನಲಿ. ಊಟದಲ್ಲಿ ಬದಲಾವಣೆ ಬೇಕೆಂದರೆ ಇಡೀ ಮನೆಗೆ ತನ್ನಿ, ಆಹಾರತಜ್ಞರನ್ನು ಕೇಳಿ.

ಹೆಜ್ಜೆ 9: ಅತಿಯಾಗುತ್ತಿದೆಯೇ ಎಂದು ಗಮನಿಸಿ

ಹಿಂಜರಿಯುತ್ತಿದ್ದ ಮಗು ಇದ್ದಕ್ಕಿದ್ದಂತೆ ದಿನಕ್ಕೆರಡು ಗಂಟೆ ವ್ಯಾಯಾಮ ಮಾಡತೊಡಗಿದರೆ ಸಂತೋಷಪಡುವ ಮುನ್ನ ಒಮ್ಮೆ ನೋಡಿ. ಊಟ ತಪ್ಪಿಸುತ್ತಿದೆಯೇ? ಬಾಗಿಲು ಹಾಕಿಕೊಂಡು ರಾತ್ರಿ ಕಸರತ್ತು ಮಾಡುತ್ತಿದೆಯೇ? ಒಂದು ದಿನ ತಪ್ಪಿದರೆ ಅಳುತ್ತದೆಯೇ? ಊಟವಾದ ಕೂಡಲೇ ಬಚ್ಚಲಿಗೆ ಹೋಗುತ್ತಿದೆಯೇ? ಮುಟ್ಟು ನಿಂತಿದೆಯೇ? ದಪ್ಪಗಿನ ಮಕ್ಕಳಿಗೂ ಆಹಾರ ಸಂಬಂಧಿ ಮಾನಸಿಕ ಕಾಯಿಲೆ ಬರುತ್ತದೆ. ಆದರೆ ತೂಕ ಇಳಿಯುತ್ತಿರುವುದನ್ನು ಎಲ್ಲರೂ ಹೊಗಳುವುದರಿಂದ ಅದು ತಡವಾಗಿ ಪತ್ತೆಯಾಗುತ್ತದೆ. ಇಂಥ ಸಂದರ್ಭದಲ್ಲಿ ವ್ಯಾಯಾಮ ನಿಲ್ಲಿಸಿ ವೈದ್ಯರನ್ನು ಕಾಣಿ.

ಹೆಜ್ಜೆ 10: ನಿಂತುಹೋದಾಗ

ನಿಂತೇ ನಿಲ್ಲುತ್ತದೆ. ಪರೀಕ್ಷೆ, ಜ್ವರ, ಮಳೆ, ಮದುವೆಮನೆ, ಸುಮ್ಮನೆ ಬೇಸರ, ಕಾರಣ ಯಾವುದಾದರೂ ಇರಬಹುದು. ಎರಡು ಮೂರು ವಾರ ಬಿಟ್ಟುಹೋದ ಮೇಲೆ ಎಷ್ಟೋ ಮಕ್ಕಳು ಮತ್ತೆ ಶುರುಮಾಡದಿರುವುದಕ್ಕೆ ಕಾರಣ, ಬಿಟ್ಟ ಜಾಗದಿಂದಲೇ ಹಿಡಿಯಲು ಹೋಗಿ ಆಗದೆ, ‘ನನ್ನಿಂದ ಇದು ಸಾಧ್ಯವಿಲ್ಲ’ ಎಂದುಕೊಳ್ಳುವುದು. ಆದ್ದರಿಂದ ಮರಳಿ ಬಂದ ಮೊದಲ ವಾರ ಎಲ್ಲವೂ ಅರ್ಧ: ಅರ್ಧ ಭಾರ, ಅರ್ಧ ಹೊತ್ತು. ಎರಡನೆಯ ವಾರ ಮುಕ್ಕಾಲು. ಮೂರನೆಯ ವಾರಕ್ಕೆ ಹೆಚ್ಚಿನವರು ಹಳೆಯ ಜಾಗ ಮುಟ್ಟುತ್ತಾರೆ, ಏಕೆಂದರೆ ಒಮ್ಮೆ ಕಲಿತ ಬಲ ಎರಡನೆಯ ಸಲ ಬೇಗ ಬರುತ್ತದೆ. ಜ್ವರ ಬಂದಿದ್ದರೆ ಅದು ಪೂರ್ತಿ ಇಳಿದು ಊಟ ರುಚಿಸಲು ಆರಂಭಿಸಿದ ಮೇಲಷ್ಟೇ ಶುರು.

ಏಕೆ ಬಿಟ್ಟೆ ಎಂದು ಕೇಳಬೇಡಿ. ನೋಟುಪುಸ್ತಕದಲ್ಲಿ ಒಂದು ಗೆರೆ ಎಳೆದು ಅದರ ಕೆಳಗೆ ಹೊಸ ತಾರೀಖು ಬರೆಯಲಿ. ಆರು ನಿಮಿಷದ ನಡಿಗೆಯನ್ನು ಆ ವಾರವೇ ಅಳೆಯುವುದು ಬೇಡ. ಇಳಿದ ಅಂಕಿ ಆಗಲೇ ಕಣ್ಣಿಗೆ ಬಿದ್ದರೆ ಪುಸ್ತಕವೂ ಮುಚ್ಚಿಹೋಗುತ್ತದೆ. ಮೊದಲ ದಿನ ಚೀಲ ಹೊತ್ತು ನಡೆಯುವುದೊಂದನ್ನೇ ಮಾಡಿಸಿ, ಇಪ್ಪತ್ತು ಹೆಜ್ಜೆ ಆ ಕಡೆ, ಇಪ್ಪತ್ತು ಹೆಜ್ಜೆ ಈ ಕಡೆ. ಇನ್ನೊಂದು ಜೊತೆ ಚೀಲ ಹಿಡಿದು ನೀವೂ ಪಕ್ಕದಲ್ಲಿ ನಡೆಯಿರಿ.